ಕೂತು ಬೇಯಿಸಿದ ಮನೆಯಲ್ಲಿ ನಿಂತು ಬೇಯಿಸುವುದು

ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡಿರುವ ಅನೇಕರು ಅಡುಗೆಮನೆಯಲ್ಲೇ ಇದ್ದೀರಿ ಎಂದುಕೊಂಡು ಮಾತು ಶುರು ಮಾಡುತ್ತೇನೆ. ಹಾಗಿದ್ದರೆ ಒಳ್ಳೆಯದೇ ಆಯಿತು. ನಾನು ಹೇಳಬೇಕಾದ್ದಕ್ಕೆ ಚಿತ್ರ ಬೇಡ, ನಿಮ್ಮ ಕಣ್ಣೆದುರಿನ ಗೋಡೆ, ಕಟ್ಟೆ, ನಲ್ಲಿ ಸಾಕು. ಕುಕ್ಕರು ಕೂಗುವಷ್ಟರಲ್ಲಿ ಒಮ್ಮೆ ಸುತ್ತ ನೋಡಿ. ದೀಪ ಎಲ್ಲಿದೆ? ಹಳೆಯ ಮನೆಯಾದರೆ ಬಹುಶಃ ನಿಮ್ಮ ಬೆನ್ನ ಹಿಂದಿನ ಗೋಡೆಯಲ್ಲಿ. ತರಕಾರಿ ಹೆಚ್ಚಲು ನಿಂತರೆ ನಿಮ್ಮ ನೆರಳೇ ಮಣೆಯ ಮೇಲೆ ಬೀಳುತ್ತದೆ. ಪ್ಲಗ್ಗು ಎಲ್ಲಿದೆ? ಬಾಗಿಲ ಪಕ್ಕ, ಒಂದೇ ಒಂದು. ಮಿಕ್ಸಿ ಹಾಕಬೇಕಾದರೆ ಬೇರೆ ಯಾವುದನ್ನೋ ಕೀಳಬೇಕು. ದಿನಾ ಬೇಕಾಗುವ ಬೇಳೆ ಡಬ್ಬಿ? ಸೊಂಟ ಬಗ್ಗಿಸಿ ಕೈಹಾಕುವ ಗೂಡಿನಲ್ಲಿ, ಇಲ್ಲವೇ ಸ್ಟೂಲು ಹತ್ತಿ ತೆಗೆಯುವ ಅಟ್ಟದಲ್ಲಿ.

ಇದು ಮನೆ ಕಟ್ಟಿದವರ ತಪ್ಪಲ್ಲ. ನಮ್ಮ ಹಳೆಯ ಅಡುಗೆಮನೆ ಕೂತು ಅಡುಗೆ ಮಾಡುವವರಿಗಾಗಿ ಕಟ್ಟಿದ್ದು. ಒಲೆ ನೆಲದ ಮೇಲೆ, ಒರಳು ನೆಲದಲ್ಲಿ ಹೂತದ್ದು. ಈಳಿಗೆ ಮಣೆಯ ಮೇಲೆ ಕಾಲು ಮಡಚಿ ಕೂತರೆ ಉಪ್ಪು, ಹುಳಿ, ಖಾರ ಕೈಚಾಚಿದಷ್ಟು ದೂರದ ಗೂಡಿನಲ್ಲಿ; ಕೊಡದ ನೀರು ಪಕ್ಕದಲ್ಲಿ; ಹೊಗೆಗೆ ಸೂರಿನಲ್ಲೊಂದು ಗವಾಕ್ಷಿ. ಕಣ್ಣು ಉರಿಸುವ ಹೊಗೆಯೊಂದನ್ನು ಬಿಟ್ಟರೆ ಕೂತವರ ಅಳತೆಗೆ ಅದು ಚೊಕ್ಕವಾದ ಏರ್ಪಾಡೇ. ಆಮೇಲೆ ಗ್ಯಾಸ್ ಬಂತು. ಕಲ್ಕತ್ತದಲ್ಲಿ ಇಂಡೇನ್ ಶುರುವಾದದ್ದು 1965ರಲ್ಲಿ. ನಮ್ಮ ಸಣ್ಣ ಊರುಗಳ ಒಳಗೆ ಸಿಲಿಂಡರು ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಸಿಲಿಂಡರಿಗಿಂತ ಒಲೆ ಎತ್ತರದಲ್ಲಿರಬೇಕು ಎಂದರು. ಗೋಡೆಗೆ ತಾಗಿಸಿ ಕಡಪಾ ಕಲ್ಲಿನ ಚಪ್ಪಡಿಯೊಂದನ್ನು ಕೂರಿಸಿದರು. ಅಡುಗೆ ಮಾಡುವವರು ಎದ್ದು ನಿಂತರು. ಆದರೆ ದೀಪ, ನೀರು, ಗೂಡು, ಬಚ್ಚಲು ಏಳಲಿಲ್ಲ, ಕೂತಲ್ಲೇ ಉಳಿದವು. ಹಳೆಯ ಅಡುಗೆಮನೆ ಸರಿಮಾಡುವುದೆಂದರೆ ಅಂದು ಅರ್ಧಕ್ಕೆ ನಿಂತ ಆ ಕೆಲಸವನ್ನು ಮುಗಿಸುವುದು, ಅಷ್ಟೇ. ಹೀಗೆ ನೋಡಿದರೆ ಕೈಯಲ್ಲಿರುವ ಸ್ವಲ್ಪ ಹಣವನ್ನು ಯಾವುದಕ್ಕೆ ಮೊದಲು ಹಾಕಬೇಕೆಂಬುದೂ ತಿಳಿಯಾಗುತ್ತದೆ.

ಪೇಟೆಯ ಅಂಗಡಿಗೆ ಹೋದರೆ ಇದು ತಿಳಿಯಾಗುವುದಿಲ್ಲ. ಅಲ್ಲಿ ಮಾರುವುದು ಬಾಗಿಲುಗಳನ್ನು. ಹೊಳೆಯುವ ಬಾಗಿಲು, ಸದ್ದಿಲ್ಲದೆ ಮುಚ್ಚಿಕೊಳ್ಳುವ ಬಾಗಿಲು, ಮೇಲಕ್ಕೆ ತೆರೆದುಕೊಳ್ಳುವ ಬಾಗಿಲು. ತಿಪಟೂರಿನ ನಮ್ಮ ಚಿಕ್ಕಮ್ಮನ ಮನೆಗೆ ಅಂಥದೊಂದು ಅಂಗಡಿಯವರು ಬಂದು ಟೇಪು ಹಿಡಿದು ಅಳೆದು ಕೊಟ್ಟ ಅಂದಾಜು ಮೂರೂವರೆ ಲಕ್ಷ. ಅದರಲ್ಲಿ ಗೋಡೆಯೊಳಗಿನ ತುಕ್ಕು ಹಿಡಿದ ಪೈಪಿನ ಮಾತಿಲ್ಲ, ವೈರಿಂಗಿನ ಮಾತಿಲ್ಲ, ಬಚ್ಚಲ ನೀರಿನ ಮಾತಿಲ್ಲ. ಚಿಕ್ಕಮ್ಮ ಕೈಬಿಚ್ಚಿದ್ದು ಒಂದು ಲಕ್ಷಕ್ಕೆ. ಆ ಒಂದು ಲಕ್ಷದಲ್ಲಿ ಆದ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಈ ಮಾತಿನಲ್ಲಿ ಬಹಳಷ್ಟು ಅಲ್ಲಿಂದಲೇ ಬಂದದ್ದು.

ಮೊದಲು ಕಟ್ಟೆಯ ಎತ್ತರ. ಈ ಅಳತೆಯನ್ನು ನೀವು ಈಗಲೇ ತೆಗೆಯಬಹುದು. ಬರಿಗಾಲಲ್ಲಿ ನೆಟ್ಟಗೆ ನಿಂತು, ಮೊಣಕೈ ಮಡಚಿ ಮುಂಗೈಯನ್ನು ನೆಲಕ್ಕೆ ಸಮನಾಗಿ ಹಿಡಿಯಿರಿ. ಮೊಣಕೈಯಿಂದ ನೆಲಕ್ಕೆ ಎಷ್ಟು ಇಂಚು ಎಂದು ಮನೆಯವರಿಂದ ಅಳೆಸಿ, ಅದರಲ್ಲಿ ನಾಲ್ಕು ಇಂಚು ಕಳೆಯಿರಿ. ಹೆಚ್ಚುವುದು, ಕಲಸುವುದು, ಲಟ್ಟಿಸುವುದಕ್ಕೆ ನಿಮಗೆ ಒಗ್ಗುವ ಎತ್ತರ ಅದು. ಐದಡಿಯ ಹೆಂಗಸಿಗೆ 33, 34 ಇಂಚಿನ ಆಸುಪಾಸು ಬರುತ್ತದೆ. ಚಿಕ್ಕಮ್ಮನ ಹಳೆಯ ಕಟ್ಟೆ 31 ಇಂಚಿತ್ತು. ಆ ಎರಡು ಇಂಚಿಗಾಗಿ ಅವರು ವರ್ಷಗಟ್ಟಲೆ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಂಡಿದ್ದರು. ಹೊಸ ಕಟ್ಟೆಯ ಮಾತು ಬಂದಾಗ ಮೇಸ್ತ್ರಿ ತನಗೆ ರೂಢಿಯಾದ 36 ಇಂಚಿಗೆ ಗೋಡೆಯ ಮೇಲೆ ಗೆರೆ ಎಳೆದ.

“ಇದು ಸ್ಟ್ಯಾಂಡರ್ಡ್ ಹೈಟು ಕಣಮ್ಮ.”

“ನಿನ್ನ ಸ್ಟ್ಯಾಂಡರ್ಡು ಯಾರ ಮೊಣಕೈದಪ್ಪ? ಅವರನ್ನೇ ಕರ್ಕೊಂಡು ಬಾ, ಅಡುಗೆ ಮಾಡ್ಕೊಂಡಿರ್ಲಿ.”

ಗೆರೆ ಕೆಳಗಿಳಿಯಿತು. ಮನೆಯಲ್ಲಿ ದಿನಾ ಕಟ್ಟೆಯ ಮುಂದೆ ನಿಲ್ಲುವವರು ಯಾರೋ ಅವರ ಅಳತೆಯೇ ಅಳತೆ. ಹಣ ಕೊಡುವ ಗಂಡಸರು ಈ ಒಂದು ವಿಷಯದಲ್ಲಿ ಸುಮ್ಮನಿರುವುದು ಮೇಲು.

ಎತ್ತರಿಸಲು ಹಳೆಯ ಕಟ್ಟೆಯನ್ನು ಒಡೆಯಲೇಬೇಕೆಂದಿಲ್ಲ. ಕೆಳಗಿನ ಆಧಾರದ ಗೋಡೆಗಳು ಗಟ್ಟಿ ಇದ್ದರೆ, ಕಡಪಾ ಕಲ್ಲು ಬಿರುಕು ಬಿಟ್ಟಿರದಿದ್ದರೆ, ಅದರ ಮೇಲೇ ಒಂದೂಕಾಲು ಇಂಚು ಗಾರೆ ಹಾಸಿ ಮುಕ್ಕಾಲು ಇಂಚಿನ ಗ್ರಾನೈಟ್ ಕೂರಿಸಿದರೆ ಎರಡು ಇಂಚು ತಾನಾಗಿ ಸಿಗುತ್ತದೆ. ಒಡೆಯುವ ಕೂಲಿ, ಗಾರೆ ಕಸ ಸಾಗಿಸುವ ಟ್ರ್ಯಾಕ್ಟರಿನ ಬಾಡಿಗೆ ಎರಡೂ ಉಳಿದವು. ಗ್ರಾನೈಟೇ ಯಾಕೆ ಎಂದು ಕೇಳಬಹುದು. ಕಡಪಾ ಆಗಲಿ, ಕಲಬುರಗಿ ಕಡೆಯ ಶಹಾಬಾದ್ ಕಲ್ಲಾಗಲಿ ಸುಣ್ಣದ ಕಲ್ಲಿನ ಜಾತಿ. ಹುಣಸೆ ರಸವೋ ನಿಂಬೆ ರಸವೋ ಚೆಲ್ಲಿ ಒರೆಸದೆ ಬಿಟ್ಟರೆ ಹುಳಿ ಅದರ ಮೈಯನ್ನು ತಿನ್ನುತ್ತದೆ, ಹೊಳಪು ಸತ್ತು ಬಿಳಿಚಿಕೊಳ್ಳುತ್ತದೆ. ಸಾರು, ಹುಳಿ, ಗೊಜ್ಜು ಇಲ್ಲದೆ ದಿನ ಕಳೆಯದ ನಮ್ಮ ಮನೆಗಳಿಗೆ ಅದು ಕಟ್ಟೆಯ ಮೇಲಕ್ಕಿಂತ ಕಟ್ಟೆಯ ಕೆಳಗಿನ ಗೂಡಿನಲ್ಲಿರುವುದೇ ಸರಿ. ಗ್ರಾನೈಟಿಗೆ ಹುಳಿಯ ಭಯವಿಲ್ಲ. ಹತ್ತಡಿ ಉದ್ದ, ಎರಡಡಿ ಅಗಲದ ಕಟ್ಟೆಗೆ ಬೇಕಾದ್ದು 20 ಚದರಡಿ. ದೊಡ್ಡ ಮನೆಗಳಿಗೆ ಕೊಯ್ದು ಉಳಿದ ತುಂಡುಗಳು ಕಲ್ಲಿನ ಅಂಗಡಿಯ ಹಿತ್ತಲಲ್ಲಿ ಒರಗಿಸಿಟ್ಟಿರುತ್ತವೆ; ಬೆಂಗಳೂರಿನವರಿಗೆ ಜಿಗಣಿ ಕಡೆ ಇಂಥ ಅಂಗಡಿಗಳಿಗೆ ಬರವಿಲ್ಲ. ಐದೈದಡಿಯ ಎರಡು ತುಂಡು ಒಂದೇ ಬಣ್ಣದಲ್ಲಿ ಸಿಕ್ಕಿದರೆ ಜೋಡಣೆಯ ಗೆರೆ ಒಲೆಯ ಕೆಳಗೆ ಬರುವಂತೆ ಕೂರಿಸಿ. ಕಣ್ಣಿಗೂ ಬೀಳುವುದಿಲ್ಲ, ಚದರಡಿಗೆ ಪೂರ್ತಿ ದರವನ್ನೂ ತೆರಬೇಕಿಲ್ಲ.

ಇಲ್ಲೊಂದು ಮಾತು ಸೇರಿಸಬೇಕು. ಎಲ್ಲ ಅಡುಗೆಯೂ ನಿಂತು ಮಾಡುವಂಥದ್ದಲ್ಲ. ತುಮಕೂರು, ಹಾಸನ, ಮಂಡ್ಯದ ಕಡೆಯವರಿಗೆ ಇದು ಗೊತ್ತು: ರಾಗಿ ಮುದ್ದೆಗೆ ಹಿಟ್ಟು ತಿರುವಬೇಕಾದರೆ ಭುಜದ ಬಲ ಮೇಲಿನಿಂದ ಕೆಳಕ್ಕೆ ಬೀಳಬೇಕು. ಕಟ್ಟೆ, ಅದರ ಮೇಲೆ ಒಲೆ, ಅದರ ಮೇಲೆ ಪಾತ್ರೆ. ಕೋಲು ಹಿಡಿದ ಕೈ ಭುಜದ ಮಟ್ಟಕ್ಕೆ ಬಂದಿರುತ್ತದೆ. ಬಲ ಎಲ್ಲಿಂದ ಬರಬೇಕು? ಅದಕ್ಕೇ ಎಷ್ಟೋ ಹೆಂಗಸರು ಇವತ್ತಿಗೂ ಬಿಸಿ ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲು ಮೆಟ್ಟಿ ಕೂತು ತಿರುವುತ್ತಾರೆ. ಬಡಗಣ ಕರ್ನಾಟಕದಲ್ಲಿ ಜೋಳದ ರೊಟ್ಟಿ ಬಡಿಯುವವರಿಗೂ ತಗ್ಗಿನ ಜಾಗವೇ ಹಿತ. ಹೊಸ ಅಡುಗೆಮನೆಯ ಚಿತ್ರಪುಸ್ತಕಗಳಲ್ಲಿ ಇದಕ್ಕೆ ಜಾಗವೇ ಇಲ್ಲ. ಚಿಕ್ಕಮ್ಮನ ಮನೆಯಲ್ಲಿ ಬಾಗಿಲ ಪಕ್ಕದ ಮೂಲೆಯಲ್ಲಿ ಒಂದೂವರೆ ಅಡಿ ಎತ್ತರಕ್ಕೆ ಇಟ್ಟಿಗೆ ಕಟ್ಟಿ, ಅಟ್ಟದ ಮೇಲೆ ಬಿದ್ದಿದ್ದ ಕಡಪಾ ತುಂಡನ್ನು ಹಾಸಿಕೊಟ್ಟರು. ಮುದ್ದೆ ಪಾತ್ರೆ ಅಲ್ಲಿಗೆ ಇಳಿಯುತ್ತದೆ. ಹೊತ್ತು ಹೋಗದಾಗ ಚಿಕ್ಕಪ್ಪ ಅದರ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಾರೆ, ಅದು ಬೇರೆ ಲಾಭ.

ಎರಡನೆಯದು ನೀರು. ಹಳೆಯ ಮನೆಗಳ ಕಬ್ಬಿಣದ ಪೈಪು ಹೊರಗೆ ನೆಟ್ಟಗಿದ್ದರೂ ಒಳಗೆ ತುಕ್ಕು ಕಟ್ಟಿ ಕಿರಿದಾಗಿರುತ್ತದೆ. ನಲ್ಲಿ ಸಣ್ಣಗೆ ಬರುವುದಕ್ಕೆ ಟ್ಯಾಂಕನ್ನು ಬೈಯುತ್ತೇವೆ. ಟೈಲ್ಸ್ ಹಾಕುವ ಮೊದಲು ಅಡುಗೆಮನೆಯ ಪಾಲಿನ ಪೈಪನ್ನಾದರೂ ಪ್ಲಾಸ್ಟಿಕ್ಕಿನದಕ್ಕೆ ಬದಲಿಸಿಬಿಡಿ. ಹೊಸ ಟೈಲ್ಸ್ ಹಾಕಿ ಆರು ತಿಂಗಳಿಗೆ ಗೋಡೆ ಒದ್ದೆಯಾದರೆ ಎರಡು ಸಲದ ಖರ್ಚು. ಸಿಂಕಿನ ವಿಷಯದಲ್ಲಿ ಜನ ಮೇಲಿನ ಸ್ಟೀಲು ನೋಡುತ್ತಾರೆ, ನೋಡಬೇಕಾದ್ದು ಕೆಳಗಿನ ಬಾಗು. ಸಿಂಕಿನ ಕೆಳಗೆ ಸದಾ ಸ್ವಲ್ಪ ನೀರು ನಿಲ್ಲುವ ಟ್ರ್ಯಾಪ್ ಇರಬೇಕು. ಆ ನಿಂತ ನೀರೇ ಮೋರಿಯ ನಾತವನ್ನೂ ಜಿರಳೆಯನ್ನೂ ಒಳಗೆ ಬಿಡದ ಬಾಗಿಲು. ಹಳೆಯ ಮನೆಗಳಲ್ಲಿ ಪೈಪನ್ನು ನೇರ ಮೋರಿಗೆ ಬಿಟ್ಟಿರುವುದುಂಟು. ಹೊರಹೋಗುವ ಪೈಪಿಗೆ ಅಡಿಗೆ ಕಾಲು ಇಂಚಿನಷ್ಟು ಇಳಿಜಾರು ಕೊಡಿಸಿ. ಸಿಂಕು ಒಂದೇ ಗುಂಡಿಯದಿರಲಿ, ಆದರೆ ಅಗಲವಾಗಿರಲಿ. ಎರಡು ಸಣ್ಣ ಗುಂಡಿಯ ಸಿಂಕಿನಲ್ಲಿ ಐದು ಲೀಟರಿನ ಕುಕ್ಕರು, ದೋಸೆ ಹಂಚು ಯಾವುದೂ ಮಲಗುವುದಿಲ್ಲ.

ಸಿಂಕನ್ನು ಇದ್ದ ಗೋಡೆಯಿಂದ ಬೇರೆ ಗೋಡೆಗೆ ಸ್ಥಳಾಂತರಿಸುವ ಆಸೆ ಬಂದರೆ ಒಂದು ರಾತ್ರಿ ಮಲಗೆದ್ದು ಯೋಚಿಸಿ. ನೀರು ಬರುವ ಪೈಪು, ಹೋಗುವ ಪೈಪು, ನೆಲ ಅಗೆಯುವುದು, ಇಳಿಜಾರು ಸಾಲದೆ ನೆಲ ಎತ್ತರಿಸುವುದು. ಸಣ್ಣ ಹಣದ ಯೋಜನೆಗಳು ಮುಳುಗುವುದು ಇಲ್ಲೇ. ವಾಸ್ತುವಿಗಾಗಿ ಎಂದು ಹೀಗೆ ಮಾಡಿಸುವವರಿದ್ದಾರೆ. ನಂಬುವವರ ಜೊತೆ ನನಗೆ ಜಗಳವಿಲ್ಲ. ಆದರೆ ಆಗ್ನೇಯದಲ್ಲಿ ಒಲೆ ಇರಬೇಕೆಂಬುದೇ ಕಾಳಜಿಯಾದರೆ, ಹಿಂದಿನವರು ಅದನ್ನು ನೋಡಿಯೇ ಕಟ್ಟಿರುವ ಸಂಭವ ಹೆಚ್ಚು. ಮೊದಲು ದಿಕ್ಸೂಚಿ ಇಟ್ಟು ನೋಡಿ, ಆಮೇಲೆ ಹಾರೆ ಎತ್ತಿ.

ಮೂರನೆಯದು ಕರೆಂಟು. ಇದರಲ್ಲಿ ಉಳಿತಾಯದ ಮಾತು ಬೇಡ. ಮೂವತ್ತು ನಲವತ್ತು ವರ್ಷದ ಹಿಂದೆ ಅಡುಗೆಮನೆಗೆ ಒಂದು ಬಲ್ಬು, ಒಂದು ಮಿಕ್ಸಿ ಎಂದು ಲೆಕ್ಕ ಹಾಕಿ ತಂತಿ ಎಳೆದಿದ್ದಾರೆ. ಎಷ್ಟೋ ಕಡೆ ಅದು ಅಲ್ಯೂಮಿನಿಯಂ ತಂತಿ. ಈಗ ಲೆಕ್ಕ ನೋಡಿ. 750 ವಾಟಿನ ಮಿಕ್ಸಿ ಎಳೆಯುವುದು ಮೂರು ಆಂಪಿಯರಿಗಿಂತ ಸ್ವಲ್ಪ ಹೆಚ್ಚು. 2000 ವಾಟಿನ ಇಂಡಕ್ಷನ್ ಒಲೆ 230 ವೋಲ್ಟಿನಲ್ಲಿ ಎಳೆಯುವುದು ಹೆಚ್ಚುಕಡಿಮೆ ಒಂಬತ್ತು ಆಂಪಿಯರ್. ಸಣ್ಣ ಪ್ಲಗ್ಗಿನ ತಾಕತ್ತು ಆರು. ಪರಿವರ್ತಕ ಪಿನ್ನು ಸಿಕ್ಕಿಸಿ ಇಂಡಕ್ಷನ್ನನ್ನು ಸಣ್ಣ ಪ್ಲಗ್ಗಿಗೆ ಹಾಕಿದಾಗ ಬರುವ ಸುಟ್ಟ ವಾಸನೆ ಇಡ್ಲಿಯದಲ್ಲ. ಆದ್ದರಿಂದ ಮೀಟರ್ ಬೋರ್ಡಿನಿಂದ ಅಡುಗೆಮನೆಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಬೇರೆಯಾಗಿ ಎಳೆಸಿ. 16 ಆಂಪಿಯರಿನ ಪ್ಲಗ್ಗು ಎರಡಾದರೂ ಇರಲಿ, ಸಣ್ಣವು ಮೂರಿರಲಿ. ಎಲ್ಲವೂ ಕಟ್ಟೆಯಿಂದ ಅಂಗೈ ಅಗಲದಷ್ಟು ಮೇಲಿರಲಿ, ಸಿಂಕಿನಿಂದ ದೂರವಿರಲಿ. ಅರ್ಥಿಂಗ್ ನಿಜಕ್ಕೂ ಇದೆಯೇ ಎಂದು ಪರೀಕ್ಷೆ ಮಾಡಿಸಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಒಂದನ್ನು ಹಾಕಿಸಿ. ಒದ್ದೆ ಕೈ ತಾಗಿ ಕರೆಂಟು ಮೈಗೆ ಹರಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನು ಕಡಿಯುವುದು ಅದೇ.

ದೀಪ ಎಲ್ಲಕ್ಕಿಂತ ಅಗ್ಗದ ಸುಧಾರಣೆ. 40 ವಾಟಿನ ಹಳೆಯ ಟ್ಯೂಬಿನ ಜಾಗದಲ್ಲಿ 20 ವಾಟಿನ ಎಲ್‌ಇಡಿ ಪಟ್ಟಿ ಸಾಕು. ಆದರೆ ಅದನ್ನು ಬೆನ್ನ ಹಿಂದಿನಿಂದ ತೆಗೆದು ಕಟ್ಟೆಯ ಮೇಲಿನ ಸಜ್ಜಾದ ತಳಕ್ಕೆ ಹಾಕಿಸಿ. ಅಕ್ಕಿಯಲ್ಲಿನ ಕಲ್ಲು ಕಾಣುವುದು ಆಗಲೇ. ಹೆಂಚಿನ ಮನೆಯವರಿಗೆ ಇನ್ನೂ ಸುಲಭ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹಬ್ಬಿದ ಆ ಹೆಂಚಿನ ಅಳತೆಗೇ ಸರಿಹೊಂದುವ ಗಾಜಿನ ಹೆಂಚು ಸಿಗುತ್ತದೆ. ಕಟ್ಟೆಯ ನೇರಕ್ಕೆ ಎರಡು ಹೆಂಚು ತೆಗೆದು ಎರಡು ಗಾಜಿನ ಹೆಂಚು ಇಟ್ಟರೆ ಹಗಲೆಲ್ಲ ಬಿಟ್ಟಿ ಬೆಳಕು.

ಗಾಳಿಯ ವಿಷಯ. ಎಲೆಕ್ಟ್ರಿಕ್ ಚಿಮಣಿ ಬೇಕೇ ಬೇಕೆಂದು ಅಂಗಡಿಯವರು ಹೇಳುತ್ತಾರೆ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟನ್ನು ಹೊರಕ್ಕೆ ತಳ್ಳಲು ಒಲೆಯ ಮೇಲ್ಭಾಗದ ಗೋಡೆಯಲ್ಲಿ ಒಂದು ಎಕ್ಸಾಸ್ಟ್ ಫ್ಯಾನು ಸಾಕು. ಎದುರಿನ ಕಿಟಕಿಯೋ ಬಾಗಿಲೋ ತೆರೆದಿರಬೇಕು, ಅಷ್ಟೇ. ಒಳಬರುವ ಗಾಳಿಗೆ ದಾರಿಯಿಲ್ಲದಿದ್ದರೆ ಫ್ಯಾನು ತಿರುಗುತ್ತದೆ, ಘಾಟು ಕದಲುವುದಿಲ್ಲ. ಗ್ಯಾಸಿನ ಮಾತನ್ನು ಮಾತ್ರ ಗಮನವಿಟ್ಟು ಕೇಳಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮಟ್ಟದಲ್ಲಿ ಹರಡಿ ಕೂರುತ್ತದೆ. ಹೊಸ ಅಡುಗೆಮನೆಯ ಅಂದಕ್ಕೆಂದು 14.2 ಕಿಲೋ ಸಿಲಿಂಡರನ್ನು ಕಟ್ಟೆಯ ಕೆಳಗಿನ ಗೂಡಿನಲ್ಲಿಟ್ಟು ಬಾಗಿಲು ಬಿಗಿದರೆ, ಸೋರಿದ ಅನಿಲ ಅಲ್ಲೇ ಶೇಖರವಾಗುತ್ತದೆ. ಆ ಗೂಡಿಗೆ ಬಾಗಿಲೇ ಬೇಡ. ಹಾಕಲೇಬೇಕೆಂದರೆ ತಳಮಟ್ಟದಲ್ಲಿ ದೊಡ್ಡ ಕಿಂಡಿ ಬಿಡಿಸಿ, ಸಾಧ್ಯವಾದರೆ ಹೊರಗೋಡೆಗೇ. ಕೊಳವೆಯನ್ನು ಗೋಡೆಯೊಳಗೆ ಹುದುಗಿಸಬೇಡಿ. ಕಿತ್ತಳೆ ಬಣ್ಣದ ಸುರಕ್ಷಾ ಹೋಸ್ ಆದರೂ ಐದು ವರ್ಷಕ್ಕೆ ಬದಲಿಸಬೇಕು, ಅದರ ತಾರೀಖು ಕಣ್ಣಿಗೆ ಕಾಣುವಂತಿರಬೇಕು.

ಇಷ್ಟಾಗುವ ಹೊತ್ತಿಗೆ ಚಿಕ್ಕಮ್ಮನ ಹಣದಲ್ಲಿ ಮುಕ್ಕಾಲು ಪಾಲು ಖರ್ಚಾಗಿತ್ತು. ನೋಡಲು ಬಂದವರಿಗೆ ಹೊಸ ಕಟ್ಟೆಯೊಂದನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. “ಇಷ್ಟು ದುಡ್ಡು ಎಲ್ಲಿಗೆ ಹೋಯ್ತು?” ಎಂದು ಚಿಕ್ಕಪ್ಪ ದಿನಾ ಗೊಣಗುತ್ತಿದ್ದರು. ಗೋಡೆಯೊಳಗೆ ಹೋಗಿತ್ತು.

ನೆಲಕ್ಕೆ ಕೈಹಾಕಲಿಲ್ಲ. ಹಳೆಯ ಮೊಸಾಯಿಕ್ ನೆಲವಾದರೆ ಮೆಷಿನ್ನಿನಲ್ಲಿ ಉಜ್ಜಿ ಪಾಲಿಶ್ ಮಾಡಿಸಿ, ಹೊಸದರಂತಾಗುತ್ತದೆ. ಕೆಂಪು ಕಾವಿಯ ನೆಲಕ್ಕೆ ವರ್ಷಗಳ ತಿಕ್ಕಾಟದಿಂದ ಬಂದ ಮಿರುಗನ್ನು ಯಾವ ಟೈಲ್ಸೂ ಕೊಡಲಾರದು. ಬಿರುಕಿಗೆ ತೇಪೆ ಹಾಕಿದರೆ ಬಣ್ಣ ಹೊಂದುವುದಿಲ್ಲ, ಹೊಂದದಿದ್ದರೇನಂತೆ. ಗೋಡೆಯ ಟೈಲ್ಸ್ ಕಟ್ಟೆಯಿಂದ ಎರಡಡಿ ಮೇಲಿನವರೆಗೆ ಸಾಕು, ಸೂರಿನವರೆಗೆ ಬೇಡ. ಅದರ ಮೇಲಕ್ಕೆ ತೊಳೆಯಬಹುದಾದ ಬಣ್ಣ. ಹಳೆಯ ಟೈಲ್ಸನ್ನು ಬೆರಳಗಂಟಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬರದಿದ್ದರೆ ಅಂಟು ಹಚ್ಚಿ ಅದರ ಮೇಲೇ ಹೊಸದನ್ನು ಕೂರಿಸಬಹುದು.

ಇನ್ನು ಸಾಮಾನು ಇಡುವ ಜಾಗ. ಕಟ್ಟೆಯ ಕೆಳಗೆ ಕಲ್ಲಿನ ಅಡ್ಡಗೋಡೆಗಳಿದ್ದರೆ ಅವೇ ನಿಮ್ಮ ಗೂಡುಗಳು. ಕೊಳೆಯುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ. ಮರದ ಪುಡಿ ಒತ್ತಿ ಮಾಡಿದ ಹಲಗೆಯ ಪೆಟ್ಟಿಗೆಗಳು ಸಿಂಕಿನ ಅಕ್ಕಪಕ್ಕದಲ್ಲಿ ನೀರು ಕುಡಿದು ಹಪ್ಪಳದಂತೆ ಉಬ್ಬುತ್ತವೆ. ಪ್ಲೈವುಡ್ಡೇ ಬೇಕೆಂದರೆ ನೀರಿನ ಹತ್ತಿರ ಐಎಸ್ 710 ಗುರುತಿನ ಮರೀನ್ ಪ್ಲೈ, ಉಳಿದೆಡೆ ಅದಕ್ಕಿಂತ ಕಡಿಮೆಯದು ನಡೆಯುತ್ತದೆ. ನನ್ನ ಮಟ್ಟಿಗೆ ಅಗ್ಗದ, ಬಾಳಿಕೆಯ ವಸ್ತು ನಮ್ಮ ಪಾತ್ರೆ ಅಂಗಡಿಗಳಲ್ಲಿ ತೂಗುಬಿಟ್ಟಿರುವ ಸ್ಟೀಲ್ ಸ್ಟ್ಯಾಂಡು. ತಟ್ಟೆಗೊಂದು ಸಂದು, ಲೋಟಕ್ಕೊಂದು ಕೊಕ್ಕೆ, ಸೌಟಿಗೊಂದು ಸಾಲು. ತೊಳೆದ ಪಾತ್ರೆ ಸಿಂಕಿನ ಮೇಲೇ ಆರಿ, ನೀರು ಸಿಂಕಿಗೇ ಸೋರುತ್ತದೆ. ಬೇಳೆ, ಸಕ್ಕರೆ, ಕಾಫಿಪುಡಿಯಂಥ ದಿನಬಳಕೆಯವು ಸೊಂಟದಿಂದ ಕಣ್ಣಿನ ಮಟ್ಟದೊಳಗಿರಲಿ, ವರ್ಷಕ್ಕೊಮ್ಮೆ ಇಳಿಸುವ ಚಕ್ಕಲಿ ಒರಳು, ದೊಡ್ಡ ಕೊಳಗ ಅಟ್ಟಕ್ಕೇರಲಿ. ಮೂವತ್ತು ವರ್ಷದಿಂದ ಕೆಳಗಿಳಿಯದ ವಸ್ತು ಅಟ್ಟದಲ್ಲಿದ್ದರೆ ಗುಜರಿಯವನನ್ನು ಕರೆಯಿರಿ. ಹಿತ್ತಾಳೆಯ ತೂಕದಲ್ಲಿ ಸಿಂಕಿನ ಖರ್ಚು ಹುಟ್ಟಿದರೂ ಹುಟ್ಟಬಹುದು.

ಹಳ್ಳಿಯ ಕೇಳುಗರಿಗೆ ಒಂದು ಮಾತು. ಗ್ಯಾಸ್ ಬಂದ ಮೇಲೂ ಸ್ನಾನದ ನೀರಿಗೆ, ದನದ ಬೂಸಾ ಬೇಯಿಸಲು ಸೌದೆ ಒಲೆ ಇದ್ದೇ ಇರುತ್ತದೆ. ಆ ಒಲೆಯನ್ನು ಹೊರಗಿನ ಚಾವಡಿಗೆ ತೆಗೆದರೆ ಒಳಗಿನ ಗೋಡೆಗೆ ಬಳಿದ ಬಣ್ಣ ಉಳಿಯುತ್ತದೆ. ಅಲ್ಲಿ ಕಟ್ಟುವುದಾದರೆ ಅಸ್ತ್ರ ಒಲೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ಆರಂಭವಾದ ಅಸ್ತ್ರ ಎಂಬ ವಿಭಾಗದಲ್ಲಿ ರೂಪುಗೊಂಡ ಒಲೆ ಅದು. ಒಂದೇ ಉರಿಯಲ್ಲಿ ಒಂದಕ್ಕಿಂತ ಹೆಚ್ಚು ಪಾತ್ರೆ ಕಾಯುತ್ತವೆ, ಹೊಗೆ ಕೊಳವೆಯಲ್ಲಿ ಸೂರಿನಾಚೆಗೆ ಹೋಗುತ್ತದೆ. ಬಾಡಿಗೆ ಮನೆಯವರು ಗೋಡೆಗೆ ದುಡ್ಡು ಹಾಕಬೇಡಿ. ದೀಪದ ಪಟ್ಟಿ, ಸ್ಟೀಲ್ ಸ್ಟ್ಯಾಂಡು, ಕಟ್ಟೆ ತಗ್ಗಾಗಿದ್ದರೆ ಅದರ ಮೇಲಿಡಲು ದಪ್ಪನೆಯ ಹೆಚ್ಚುಮಣೆ: ಮೂರೂ ನಿಮ್ಮ ಜೊತೆಗೆ ಮುಂದಿನ ಮನೆಗೆ ಬರುತ್ತವೆ.

ಕೆಲಸ ನಡೆಯುವಾಗ ಅಡುಗೆ ಎಲ್ಲಿ ಎಂಬುದನ್ನು ಮೊದಲೇ ನಿರ್ಧರಿಸಿ. ವರಾಂಡದಲ್ಲಿ ಗಾಳಿಯಾಡುವ ಕಡೆ ಒಂದು ಮೇಜು, ಬಚ್ಚಲಲ್ಲಿ ಪಾತ್ರೆ, ಚಿತ್ರಾನ್ನ ಉಪ್ಪಿಟ್ಟಿನ ಊಟ. ಗಾರೆಗೆ ಒಂದು ವಾರ ನೀರುಣಿಸಬೇಕು, ಆತುರಪಟ್ಟು ಕಟ್ಟೆಯ ಮೇಲೆ ಗ್ರೈಂಡರು ಇಡಬೇಡಿ. ಮೇಸ್ತ್ರಿಯ ಜೊತೆಗಿನ ಮಾತನ್ನು ಪುಸ್ತಕದಲ್ಲಿ ಬರೆದಿಡಿ: ಸಾಮಾನು ಯಾರದು, ಕೂಲಿ ಅಡಿಗೋ ದಿನಕ್ಕೋ, ಕಸ ಸಾಗಿಸುವವರು ಯಾರು. ಅಡ್ವಾನ್ಸು ಕೊಟ್ಟ ಹಾಗೆಲ್ಲ ತಾರೀಖು ಹಾಕಿ. ಕೊನೆಯ ಕಂತು ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಸಿಂಕಿನ ತೂತು ಮುಚ್ಚಿ ಕಂಠಮಟ್ಟ ನೀರು ತುಂಬಿಸಿ, ಒಮ್ಮೆಲೇ ಬಿಟ್ಟು ಕೆಳಗೆ ಬಗ್ಗಿ ಒಣ ಕೈ ಆಡಿಸಿ ನೋಡಿ. ಇಂಡಕ್ಷನ್, ಮಿಕ್ಸಿ, ಫ್ರಿಜ್ಜು ಮೂರನ್ನೂ ಒಟ್ಟಿಗೆ ಹಾಕಿ, ಕಾಲು ಗಂಟೆ ಬಿಟ್ಟು ಪ್ಲಗ್ಗಿನ ಮುಚ್ಚಳ ಬಿಸಿಯಾಗಿದೆಯೇ ಮುಟ್ಟಿ ನೋಡಿ. ಗ್ಯಾಸಿನ ಜೋಡಣೆಗೆ ಸಾಬೂನು ನೊರೆ ಹಚ್ಚಿ, ಗುಳ್ಳೆ ಏಳದಿದ್ದರೆ ಲೆಕ್ಕ ಚುಕ್ತಾ ಮಾಡಿ. ಸಾಮಾನಿನ ಗೂಡಿಗೆ ಬಾಗಿಲು ಹಾಕಿಸುವ ಮಾತು ಮುಂದಿನ ಯುಗಾದಿಗೆ ನೋಡಿಕೊಂಡರಾಯಿತು. ಅಲ್ಲಿಯವರೆಗೆ ಹಳೆಯ ಸೀರೆಯ ಪರದೆ ನಡೆಯುತ್ತದೆ.